ಎರಡು ಬೀಗ, ಒಂದೇ ಕೈ

ನನ್ನ ಭಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಲಿಫ್ಟಿನ ಬಾಗಿಲು ಮುಚ್ಚುವಾಗ ಯಾರಾದರೂ ಕೈ ಅಡ್ಡ ಹಿಡಿದರೆ ಮುಗಿಯಿತು. ಆ ಕೈ ಕಟ್ಟಡದ ಮಾಲೀಕನದೇ ಆಗಿರಲಿ, "ಇದೇನು ನಿಮ್ಮನೆ ಬೀರುವಾ?" ಎಂದು ಕೇಳಿಯೇ ಬಿಡುತ್ತಾರೆ. ಇಪ್ಪತ್ತಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವ ಮನುಷ್ಯ. ನೆಲಮಹಡಿಯಲ್ಲಿ ನಿಂತು ಕಿವಿಗೊಟ್ಟರೆ ಸವೆದಿರುವುದು ಐದನೇ ಮಹಡಿಯ ಬಾಗಿಲಿನ ರೋಲರೋ ಏಳನೆಯದರದೋ ಹೇಳಬಲ್ಲರು. ಅವರು ಹೇಳಿದ್ದು ತಪ್ಪಾಗಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಎರಡು ಸಲವೂ ಅವರು ರೋಲರಿಗೇ ಬೈದರು.

ನಾನು ಅವರ ಹೆಂಡತಿಯ ತಮ್ಮ. ನಾನೂ ಲಿಫ್ಟಿನವನೇ. ಸ್ಕ್ರೂಡ್ರೈವರ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದು ಭಾವ. ಹದಿನಾಲ್ಕು ವರ್ಷ ಜೋಡಿಯಾಗಿ ದುಡಿದೆವು. ಅದರಲ್ಲಿ ಕೊನೆಯ ಒಂದೂವರೆ ವರ್ಷ ಅವರು ನೋವಿನ ಮಾತ್ರೆಯ ಚಟಕ್ಕೆ ಸಿಕ್ಕಿಕೊಂಡಿದ್ದರು. ಅದು ನನ್ನ ಪ್ರಾಣಕ್ಕೇ ಬಂದಿತ್ತು. ಅವರ ಕೆಲಸವಂತೂ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಆ ಕೆಲಸ ಅವರಿಗೆ ಮತ್ತೆ ಸಿಕ್ಕಿತೇ ಇಲ್ಲವೇ ಎಂಬುದೇ ಈಗ ನಾನು ಹೇಳಹೊರಟಿರುವ ಕತೆ. ಬರೆಯುತ್ತೇನೆ ಎಂದಾಗ ಭಾವ ಒಂದೇ ಮಾತು ಹೇಳಿದರು: "ಬರಿ. ಆದ್ರೆ ನನ್ನನ್ನ ಪಾಪದವನ ಥರ ತೋರಿಸಬೇಡ, ಮೈ ಉರಿಯುತ್ತೆ."

ಮೊದಲು ನಮ್ಮ ಕೆಲಸದ ಒಂದು ಕಟ್ಟುನಿಟ್ಟು ತಿಳಿದಿರಬೇಕು. ಕಟ್ಟಡದ ನೆತ್ತಿಯ ಮೇಲೆ ಮೆಷಿನ್ ರೂಮ್ ಇರುತ್ತದೆ. ಅಲ್ಲಿ ಪ್ರತಿ ಲಿಫ್ಟಿಗೂ ಒಂದೊಂದು ಮೇನ್ ಸ್ವಿಚ್. ಲಿಫ್ಟಿನ ತಳದ ಗುಂಡಿಗೆ ನಾವು ಪಿಟ್ ಅನ್ನುತ್ತೇವೆ. ಪಿಟ್ಟಿಗೆ ಇಳಿಯುವ ಮೊದಲು ಆ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಬೇಕು. ಇಬ್ಬರಿದ್ದರೆ ಎರಡು ಬೀಗ. ನನ್ನ ಬೀಗವನ್ನು ನಾನೇ ಹಾಕಬೇಕು, ನಾನೇ ತೆಗೆಯಬೇಕು, ಕೀಲಿ ನನ್ನ ಜೇಬಲ್ಲೇ ಇರಬೇಕು. ಆಮೇಲೆ ಕೆಳಗೆ ಬಂದು ಬಟನ್ ಒತ್ತಿ, ಲಿಫ್ಟ್ ಅಲುಗುವುದಿಲ್ಲ ಎಂದು ಕಣ್ಣಾರೆ ನೋಡಿ ಇಳಿಯಬೇಕು. ಒಂಬತ್ತು ಮಹಡಿಯ ಕಟ್ಟಡದಲ್ಲಿ ಪಕ್ಕದ ಲಿಫ್ಟಿಗೆ ಜನ ಮುಗಿಬಿದ್ದಿರುವಾಗ ಮೆಟ್ಟಿಲೇ ಗತಿ. ಒಂದು ಬೀಗಕ್ಕಾಗಿ ಹತ್ತಿ ಇಳಿಯುವಷ್ಟರಲ್ಲಿ ಮೊಣಕಾಲು ಕೂಗುತ್ತದೆ.

ನಾನೂ ಭಾವನೂ ಒಂದು ಅಡ್ಡದಾರಿ ಕಂಡುಕೊಂಡಿದ್ದೆವು. ಹೇಗೂ ಒಂದೇ ಮನೆಯವರಲ್ಲವೇ. ನನ್ನ ಬೀಗವನ್ನು ಅವರ ಕೈಗೆ ಕೊಟ್ಟುಬಿಡುತ್ತಿದ್ದೆ. ಅವರು ಮೇಲೆ ಹೋಗಿ ಎರಡೂ ಬೀಗ ಹಾಕಿ ಫೋನಿನಲ್ಲಿ "ಹಾಕಿದೆ, ಇಳಿ" ಅನ್ನುತ್ತಿದ್ದರು, ನಾನು ಇಳಿಯುತ್ತಿದ್ದೆ. ಬೇರೆ ಯಾರ ಕೈಗಾದರೂ ನನ್ನ ಬೀಗ ಕೊಡುತ್ತಿದ್ದೆನೇ? ಸತ್ತರೂ ಇಲ್ಲ. ಭಾವ ಅಂದರೆ ಭಾವ.

ಅವರ ಬೆನ್ನಿಗೆ ಪೆಟ್ಟು ಬಿದ್ದದ್ದು ಒಂದು ಮೋಟರ್ ಎತ್ತುವಾಗ. ನಾಲ್ಕು ಜನ ಎತ್ತಬೇಕಾದದ್ದನ್ನು ಇಬ್ಬರೇ ಎತ್ತಲು ಹೋದೆವು, ಅದೂ ಅವರ ಅವಸರವೇ. ಡಿಸ್ಕ್ ಜಾರಿತು, ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬರುವಾಗ ಎರಡು ವಾರಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ಬರೆದುಕೊಟ್ಟವರದು ತಪ್ಪಿರಲಿಲ್ಲ. ಆ ನೋವಿಗೆ ಅದೇ ಮದ್ದು. ಎರಡು ವಾರ ಆರು ವಾರವಾಯಿತು. ಇನ್ನೊಬ್ಬ ಡಾಕ್ಟರ ಹತ್ತಿರ ಇನ್ನೊಂದು ಚೀಟಿ, ದೂರದ ಮೆಡಿಕಲ್ ಶಾಪಿನಲ್ಲಿ ಮತ್ತೊಂದು. ಬೆನ್ನು ಗುಣವಾಗುತ್ತ ಬಂತು, ಮಾತ್ರೆ ಏರುತ್ತ ಹೋಯಿತು.

ನಮಗೆ ಗೊತ್ತಾಗಲಿಲ್ಲವೇ ಎಂದು ಜನ ಈಗ ಕೇಳುತ್ತಾರೆ. ನಮ್ಮ ಕಣ್ಣಿಗೆ ಮಣ್ಣು ಬಿದ್ದಿತ್ತೇ ಅನ್ನುವ ಧಾಟಿಯಲ್ಲಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನಮಗೆ ಖುಷಿಯಾಗಿತ್ತು. ಮಾತ್ರೆ ತಿಂದ ಭಾವ ಬಲು ಸಾಧು. ಬಾಗಿಲಿಗೆ ಕೈ ಅಡ್ಡ ಹಿಡಿದವರನ್ನು ನೋಡಿ ನಗುತ್ತಿದ್ದರು. ಸಂಜೆ ಕುರ್ಚಿಯಲ್ಲಿ ಕೂತರೆ ಕಣ್ಣು ಅರ್ಧ ಮುಚ್ಚಿ ಏನು ಹೇಳಿದರೂ "ಆಯ್ತು, ಹಾಗೇ ಮಾಡೋಣ" ಅನ್ನುತ್ತಿದ್ದರು. "ಇಪ್ಪತ್ತು ವರ್ಷ ಆದ್ಮೇಲೆ ನನಗೆ ಗಂಡ ಸಿಕ್ಕಿದ ಕಣೋ" ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಬೆಳಿಗ್ಗೆ ಬಾತ್‌ರೂಮಿನಲ್ಲಿ ಮುಕ್ಕಾಲು ಗಂಟೆ ಕೂರುತ್ತಿದ್ದುದಕ್ಕೂ ನಾವು ನಕ್ಕೆವು. ಮಲ ಕಟ್ಟಿಸುವುದು ಆ ಮಾತ್ರೆಯ ಇನ್ನೊಂದು ಗುಣವೆಂದು ಆಮೇಲೆ ತಿಳಿಯಿತು. ಅವರು ಲಿಫ್ಟಿಗೆ ಕಿವಿಗೊಡುವುದನ್ನು ನಿಲ್ಲಿಸಿದ್ದರು. ಅದನ್ನಾದರೂ ನಾನು ಗಮನಿಸಬೇಕಿತ್ತು. ರೋಲರ್ ಕಿರ್ರೆಂದರೂ ಅವರ ಮುಖ ತಿರುಗುತ್ತಿರಲಿಲ್ಲ.

ಆ ದಿನ ನಮಗೆ ಬಿದ್ದ ಕೆಲಸ ಒಂಬತ್ತು ಮಹಡಿಯ ಕಟ್ಟಡದ ಬಿ ಲಿಫ್ಟಿನದು. ಪಕ್ಕದಲ್ಲೇ ಎ ಲಿಫ್ಟ್. ಬಿ ಲಿಫ್ಟಿನ ಪಿಟ್ಟಿನಲ್ಲಿ ಒಂದು ಸ್ಟಾಪ್ ಸ್ವಿಚ್ ಇರುತ್ತದೆ, ಒಳಗಿರುವವನು ಒತ್ತಿದರೆ ಲಿಫ್ಟ್ ನಿಲ್ಲಲಿ ಎಂದು. ಅದೇ ಕೆಟ್ಟಿತ್ತು, ಅದನ್ನೇ ಬದಲಾಯಿಸಬೇಕಿತ್ತು. ಅಂದರೆ ಅವತ್ತು ನನ್ನ ಜೀವಕ್ಕೆ ಇದ್ದದ್ದು ಮೇಲಿನ ಬೀಗ ಒಂದೇ. ಬೆಳಿಗ್ಗೆ ಹನ್ನೊಂದರ ಹೊತ್ತು. ನೆಲಮಹಡಿಯಲ್ಲಿ ಬೋರ್ಡ್ ಇಟ್ಟೆ. ಭಾವ ಎರಡೂ ಬೀಗ ಹಿಡಿದು ಮೇಲೆ ಹೋದರು. ಫೋನ್ ಬಂತು. "ಹಾಕಿದೆ, ಇಳಿ." ಧ್ವನಿ ಎಷ್ಟು ನೆಮ್ಮದಿಯಾಗಿತ್ತೆಂದರೆ ಬಟನ್ ಒತ್ತಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಇಳಿದೆ, ಬಾಗಿಲು ಎಳೆದುಕೊಂಡೆ, ಟಾರ್ಚ್ ಹಚ್ಚಿದೆ.

ಹತ್ತು ನಿಮಿಷದ ನಂತರ ಹಗ್ಗಗಳು ಅಲುಗಿದವು. ಮೇಲೆ ನೋಡಿದರೆ ಕ್ಯಾಬಿನ್ನಿನ ತಳ ಇಳಿದು ಬರುತ್ತಿದೆ. ಯೋಚಿಸಲು ಏನೂ ಇರಲಿಲ್ಲ. ಬಫರ್ ಸ್ಪ್ರಿಂಗಿನ ಪಕ್ಕದ ಎಣ್ಣೆ ಕೊಳೆಯಲ್ಲಿ ಅಂಗಾತ ಮಲಗಿಬಿಟ್ಟೆ. ಹೆಲ್ಮೆಟ್ ಎಲ್ಲಿಗೋ ಹಾರಿತು, ಎಡ ಭುಜದ ಚರ್ಮ ಕಿತ್ತುಬಂತು. ಕ್ಯಾಬಿನ್ ನಿಂತಾಗ ಅದರ ತಳ ನನ್ನ ಮೂಗಿನಿಂದ ಎರಡು ಗೇಣು ಮೇಲಿತ್ತು. ಬಾಗಿಲು ತೆರೆಯಿತು. ಯಾರೋ ಹೆಂಗಸು ಚಪ್ಪಲಿ ಟಪಟಪ ಎನ್ನಿಸುತ್ತ ಇಳಿದು ಹೋದರು. ತಮ್ಮ ಕಾಲ ಕೆಳಗೆ ಒಬ್ಬ ಮಲಗಿದ್ದಾನೆಂದು ಆ ತಾಯಿಗೆ ಇವತ್ತಿಗೂ ಗೊತ್ತಿಲ್ಲ.

ಭಾವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕನೇ ಸಲವೂ ಎತ್ತದಿದ್ದಾಗ, ಪಕ್ಕದ ಬ್ಲಾಕಿನಲ್ಲೇ ಕೆಲಸ ಮಾಡುತ್ತಿದ್ದ ನಮ್ಮ ಇನ್ನೊಬ್ಬ ಮೆಕ್ಯಾನಿಕ್‌ಗೆ ಮಾಡಿದೆ. ಅವರನ್ನು ನಾವು ಲೆವೆಲ್ ಅನ್ನುತ್ತೇವೆ. ಜೇಬಿನಲ್ಲಿ ಸದಾ ಒಂದು ಪುಟ್ಟ ರಸಮಟ್ಟ ಇರುತ್ತದೆ, ಊಟದ ಡಬ್ಬಿ ಇಡುವ ಮೇಜು ಸಮವಾಗಿದೆಯೇ ಎಂದೂ ಅದರಲ್ಲಿ ನೋಡುವ ಆಸಾಮಿ. ಭಾವನಿಗಿಂತ ಎರಡು ವರ್ಷ ದೊಡ್ಡವರು. ಅವರಿಗೂ ಭಾವನಿಗೂ ನಾಲ್ಕು ವರ್ಷದಿಂದ ಮಾತಿಲ್ಲ, ಯಾವುದೋ ನಿಯಮದ ವಿಷಯಕ್ಕೆ ಆದ ಜಗಳ. ಲೆವೆಲ್ ಒಂಬತ್ತು ಮಹಡಿ ಹತ್ತಿ, ಬಿ ಸ್ವಿಚ್ ಇಳಿಸಿ, ಮೋಟರಿನ ಕೈಚಕ್ರ ತಿರುಗಿಸಿ ಕ್ಯಾಬಿನ್ ಮೇಲೆತ್ತಿ ನನ್ನನ್ನು ಬಿಡಿಸಿದರು. ನಮ್ಮ ಎರಡೂ ಬೀಗ ಎ ಲಿಫ್ಟಿನ ಸ್ವಿಚ್ಚಿಗೆ ನೇತಾಡುತ್ತಿದ್ದವು. ಖಾಲಿ ನಿಂತಿದ್ದ ಎ ಅನ್ನು ಕಟ್ಟಿಹಾಕಿ, ಬಿ ಅನ್ನು ಓಡಾಡಲು ಬಿಟ್ಟಿದ್ದರು ಭಾವ.

ಸುದ್ದಿ ತಿಳಿದು ನಮ್ಮವರೆಲ್ಲ ಅಲ್ಲಿಗೇ ಓಡಿಬಂದರು, ವಿಚಾರಣೆಯೂ ಅಲ್ಲೇ ಆಯಿತು. ಸೂಪರ್‌ವೈಸರ್ ಕೇಳಿದರು, ಹೇಗಾಯ್ತು ಎಂದು. ಭಾವ ತಲೆ ಬಗ್ಗಿಸಿಕೊಂಡು ಹೇಳಿದರು: "ಫೋನಲ್ಲಿ ಎಡಗಡೇದು ಅಂದ. ಕೆಳಗಿಂದ ನೋಡೋನ ಎಡ, ಮೇಲೆ ನಿಂತೋನಿಗೆ ಬಲ ಆಗುತ್ತೆ."

ಲಿಫ್ಟಿನವರು ನಿಜಕ್ಕೂ ಮಾಡುವ ತಪ್ಪು ಅದು. ಎಲ್ಲರೂ ತಲೆಯಾಡಿಸಿದರು. ನಾನು ಹಾಗೆ ಹೇಳಿದ್ದೆನೇ? ನೆನಪಿಗೆ ಬರಲಿಲ್ಲ. ಆ ಬೆಳಗಿನದು ಏನು ನೆನೆಸಿಕೊಂಡರೂ ಕ್ಯಾಬಿನ್ನಿನ ತಳವೇ ಕಣ್ಣ ಮುಂದೆ ಬರುತ್ತಿತ್ತು. ಭಾವ ಹೇಳಿದರೆಂದ ಮೇಲೆ ಹೇಳಿರಲೇಬೇಕು ಎಂದುಕೊಂಡೆ. "ಹೌದು, ನನ್ನದೇ ತಪ್ಪು" ಎಂದೆ.

ಲೆವೆಲ್ ಒಬ್ಬರೇ ಒಪ್ಪಲಿಲ್ಲ. "ಎಡ ಬಲದ ಮಾತೇ ಅಲ್ಲ ಇದು. ಎರಡು ಬೀಗ ಒಂದೇ ಕೈಲಿ ಹೋಗಿದ್ದು ಮೊದಲ್ನೇ ತಪ್ಪು. ಎರಡ್ನೇದು, ನಾನು ಮೇಲೆ ಹೋದಾಗ ಈ ಮನುಷ್ಯ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸ್ತಿದ್ರು. ಅವರ ಕಣ್ಣು ನೋಡಿ, ಕಣ್ಣಿನ ಪಾಪೆ ಸಾಸಿವೆ ಕಾಳಷ್ಟಾಗಿದೆ. ಏನೋ ನುಂಗಿರೋರ ಕಣ್ಣು ಅದು."

ನಾನು ಎದ್ದು ಅವರ ಅಂಗಿ ಹಿಡಿದುಬಿಟ್ಟೆ. ಹಳೇ ಜಗಳದ ಸೇಡು ತೀರಿಸಿಕೊಳ್ಳಲು ನಮ್ಮ ಭಾವನ ಮೇಲೆ ಗೂಬೆ ಕೂರಿಸುತ್ತಿದ್ದೀರಾ ಎಂದು ಕೂಗಾಡಿದೆ. ಅರ್ಧ ಗಂಟೆಯ ಹಿಂದೆ ನನ್ನ ಜೀವ ಉಳಿಸಿದ ಮನುಷ್ಯನ ಅಂಗಿ ಅದು. ನಾಲ್ಕು ಸಲ ಎತ್ತದ ಫೋನಿಗೂ ನಾನೇ ನೆಪ ಹುಡುಕಿದೆ, ಪಿಟ್ಟಿನಲ್ಲಿ ಸಿಗ್ನಲ್ ಇರಲಿಲ್ಲ ಎಂದು. ಹಾಗಾದರೆ ಲೆವೆಲ್‌ಗೆ ಫೋನ್ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ತಪ್ಪು ನನ್ನ ಹೆಸರಿಗೆ ಬಂತು. ನನ್ನ ಬೀಗ ಕಿತ್ತುಕೊಂಡು ನನ್ನನ್ನು ಸ್ಟೋರಿನಲ್ಲಿ ನಟ್ಟು ಬೋಲ್ಟು ವಿಂಗಡಿಸಲು ಕೂರಿಸಿದರು.

ಸತ್ಯ ಹೊರಬಿದ್ದದ್ದು ಅಕ್ಕನಿಂದ. ಅವಳು ದೊಡ್ಡದೊಂದು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಬಟ್ಟೆ ನೀರಿಗೆ ಬೀಳುವ ಮೊದಲು ಜೇಬು ನೋಡುವುದು ಕಡ್ಡಾಯ. ಒಂದು ಪೆನ್ನು ಉಳಿದರೆ ನಲವತ್ತು ಬೆಡ್‌ಶೀಟ್ ಹಾಳು. ಮನೆಯಲ್ಲೂ ಅದೇ ಅಭ್ಯಾಸ. ಒಂದು ಭಾನುವಾರ ಭಾವನ ಮೂರು ಪ್ಯಾಂಟುಗಳ ಜೇಬಿನಲ್ಲಿ ಅವಳಿಗೆ ಮೂರು ಚೀಟಿ ಸಿಕ್ಕವು. ಮೂರು ಬೇರೆ ಬೇರೆ ಡಾಕ್ಟರುಗಳದು, ಮಾತ್ರೆ ಮಾತ್ರ ಒಂದೇ. ಅವಳು ಕೂಗಾಡಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟು ಭಾವನನ್ನು ಕರೆದಳು.

"ರೀ, ಇದರಲ್ಲಿ ನಿಮ್ಮ ಬೆನ್ನು ಯಾವ್ದು?"

ಭಾವ ಅವತ್ತೇ ಎಲ್ಲವನ್ನೂ ಒಪ್ಪಿಕೊಂಡರಂತೆ. ಒಪ್ಪಿಕೊಂಡವರು ಎಲ್ಲ ಮಾತ್ರೆಯನ್ನೂ ಅಕ್ಕನ ಎದುರೇ ಚರಂಡಿಗೆ ಸುರಿದು, ನಾಳೆಯಿಂದ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಅಷ್ಟು ಸುಲಭವಿದ್ದರೆ ಏನು ಬೇಕಿತ್ತು. ಮರುದಿನ ಸಂಜೆಗೆ ಮೂಗು ಕಣ್ಣು ಸುರಿಯತೊಡಗಿತು. ಬೆವರು, ಚಳಿ, ವಾಂತಿ, ಭೇದಿ. ಕಾಲು ತಾನಾಗಿಯೇ ಒದೆಯುತ್ತಿತ್ತು. ವಾಸಿಯಾಗಿದ್ದ ಬೆನ್ನು ಮೊದಲಿನ ಎರಡರಷ್ಟು ನೋಯತೊಡಗಿತು. ಮೂರು ದಿನ ತಡೆದುಕೊಂಡರು. ನಾಲ್ಕನೆಯ ಬೆಳಿಗ್ಗೆ ಹಾಲು ತರುತ್ತೇನೆಂದು ಹೋದವರು ಮಾತ್ರೆ ತಂದರು. ತಂದದ್ದನ್ನು ಮುಚ್ಚಿಡಲಿಲ್ಲ. ಅಕ್ಕನ ಮುಂದೆ ಇಟ್ಟು ಅತ್ತರು. ಭಾವ ಅತ್ತದ್ದನ್ನು ಅಕ್ಕ ಅದೇ ಮೊದಲು ನೋಡಿದ್ದು.

ಆಗ ಅವಳು ಹೇಳಿದ್ದು ಎರಡು ಮಾತು. "ಇದು ಆಣೆ ಮಾಡಿ ಬಿಡೋ ವಿಷಯ ಅಲ್ಲ, ಡಾಕ್ಟ್ರ ಹತ್ರ ಹೋಗೋಣ. ಆದ್ರೆ ಅದಕ್ಕೆ ಮೊದ್ಲು ನನ್ನ ತಮ್ಮನ ಹತ್ರ ಹೋಗಿ ನಿಜ ಹೇಳಿ."

ಭಾವ ಸ್ಟೋರಿಗೆ ಬಂದರು. ನಾನು ವಾಷರುಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ಕೂತುಕೊಳ್ಳದೆ, ಕಣ್ಣು ತಪ್ಪಿಸದೆ ಹೇಳಿದರು:

"ನೀನು ಎಡ ಅನ್ನಲಿಲ್ಲ, ಬಲನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಅವತ್ತು ಬೆಳಿಗ್ಗೆ ನಾಲ್ಕು ಮಾತ್ರೆ ನುಂಗಿದ್ದೆ. ಸ್ವಿಚ್ ಮೇಲೆ ಎ, ಬಿ ಅಂತ ಬಣ್ಣದಲ್ಲಿ ಬರೆದಿದ್ದು ನಾನೇ. ಆದ್ರೂ ಕಾಣಲಿಲ್ಲ. ವಿಚಾರಣೇಲಿ ಬಾಯಿಗೆ ಬಂದ ಸುಳ್ಳು ಹೇಳಿದೆ, ನೀನು ಒಪ್ಕೊಂಡ್ಬಿಟ್ಟೆ."

ಎರಡು ತಿಂಗಳಿಂದ ನಾನು ದಿನಾ ಎದ್ದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೆ. ಎಡ ಬಲ ಗೊತ್ತಿಲ್ಲದ ಮುಠ್ಠಾಳ ಎಂದು ಕನ್ನಡಿ ನೋಡಿ ಬೈದುಕೊಂಡಿದ್ದೇನೆ. ಕೈಯಲ್ಲಿದ್ದ ವಾಷರ್ ಡಬ್ಬಿಯನ್ನು ನೆಲಕ್ಕೆ ಬಡಿದೆ. ಹೊರಗೆ ಹೋಗಿ ಎಂದೆ. ಸಾಯಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಸ್ವಿಚ್ ತಪ್ಪಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಅರವತ್ತು ದಿನ ನನ್ನ ಎದುರೇ ಊಟಕ್ಕೆ ಕೂತು ಸುಮ್ಮನಿದ್ದರಲ್ಲ, ಅದು ನನಗೆ ಅರಗಲಿಲ್ಲ. ಅವರು ಚೆಲ್ಲಿದ ವಾಷರುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿ ಹೋದರು. ಬಗ್ಗುವಾಗ ಬೆನ್ನು ಹಿಡಿದುಕೊಳ್ಳುತ್ತಿದ್ದರು. ನಾನು ಕೈ ಕೊಡಲಿಲ್ಲ.

ಆದರೂ ಕ್ಲಿನಿಕ್ಕಿಗೆ ಅವರನ್ನು ಕರೆದುಕೊಂಡು ಹೋಗಬೇಕಾದದ್ದು ನಾನೇ. ಅಕ್ಕನಿಗೆ ಅವತ್ತು ಬೆಳಗಿನ ಪಾಳಿ. "ಮಾತಾಡ್ಬೇಡ ಬೇಕಾದ್ರೆ, ಜೊತೇಲಿ ಕೂತ್ಕೋ ಅಷ್ಟೇ" ಎಂದಳು. ಅಕ್ಕನ ಮಾತು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ.

ಚಟ ಬಿಡಿಸುವ ಕ್ಲಿನಿಕ್ ಅಂದರೆ ಕಬ್ಬಿಣದ ಸರಳು, ಕಿರುಚಾಟ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಹಲ್ಲಿನ ಡಾಕ್ಟರ ಶಾಪಿನ ಹಾಗಿತ್ತು. ಎರಡು ಬೆಂಚು, ಒಂದು ಫ್ಯಾನು, ತೂಕದ ಯಂತ್ರ. ಡಾಕ್ಟರಮ್ಮನಿಗೆ ಐವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಹಿಂದಿನ ದಿನದಿಂದ ಮಾತ್ರೆ ಮುಟ್ಟದೆ ಬರಬೇಕೆಂದು ಮೊದಲೇ ಹೇಳಿದ್ದರು. ಹಳೆಯದು ಮೈಯಲ್ಲಿರುವಾಗಲೇ ಹೊಸ ಮದ್ದು ಕೊಟ್ಟರೆ ಸಂಕಟ ಒಮ್ಮೆಲೇ ಏರುತ್ತದಂತೆ. ಭಾವ ಬೆಂಚಿನ ಮೇಲೆ ಆಕಳಿಸುತ್ತ, ಮೂಗು ಒರೆಸಿಕೊಳ್ಳುತ್ತ, ತೋಳಿನ ರೋಮ ನಿಮಿರಿಸಿಕೊಂಡು ಕೂತಿದ್ದರು. ಡಾಕ್ಟರಮ್ಮ ಗಂಟೆಗೊಮ್ಮೆ ಬಂದು ನಾಡಿ, ಕಣ್ಣು ನೋಡಿ "ಇನ್ನೂ ಸ್ವಲ್ಪ" ಅನ್ನುತ್ತಿದ್ದರು. ಎರಡನೇ ಗಂಟೆಗೆ ಭಾವನ ಹಳೆಯ ಸಿಟ್ಟು ಮರಳಿ ಬಂತು. "ಇನ್ನೆಷ್ಟು ಕಾಯ್ಬೇಕು, ನಾನೇನು ಹಣ್ಣಾಗೋ ಮಾವಿನಕಾಯಾ?" ಎಂದು ರೇಗಿದರು. ಎಷ್ಟೋ ತಿಂಗಳ ನಂತರ ಆ ಬೈಗುಳ ಕೇಳಿದ್ದು. ಮುಖ ಗಂಟು ಹಾಕಿಕೊಂಡಿದ್ದ ನನಗೂ ಒಳಗೊಳಗೇ ಸಮಾಧಾನವಾಯಿತು.

ಕೊನೆಗೆ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟರು. ನುಂಗಬಾರದು, ಕರಗುವ ತನಕ ಮಾತಾಡಬಾರದು. ಭಾವ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತರು ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಆ ಸಂದಿನಲ್ಲಿ ನಾನು ಕೇಳಿದೆ:

"ಡಾಕ್ಟ್ರೇ, ಒಂದು ಮಾತ್ರೆ ಬಿಡಿಸಿ ಇನ್ನೊಂದು ಹಿಡಿಸಿದ್ರೆ ಏನು ಬಂದ ಹಾಗಾಯ್ತು?"

"ಆ ಮಾತ್ರೆ ಇವರನ್ನ ದಿನಾ ಮೇಲಕ್ಕೆತ್ತಿ ಕೆಳಕ್ಕೆ ಬಿಡ್ತಿತ್ತು. ಇದು ಎರಡೂ ಮಾಡಲ್ಲ. ಸಂಕಟ ತಡೆಯುತ್ತೆ, ಬೇಕು ಬೇಕು ಅನ್ನೋ ಆಸೆ ತಡೆಯುತ್ತೆ. ತಲೆ ನೆಟ್ಟಗಿರುತ್ತೆ. ಬಿಪಿ ಮಾತ್ರೆ ತಗೊಳ್ಳೋರನ್ನ ಚಟದವರು ಅಂತೀರಾ?"

"ಎಷ್ಟು ದಿನ?"

"ಬೇಕಾದಷ್ಟು ದಿನ. ತಿಂಗಳುಗಟ್ಟಲೆ, ಬೇಕಾದ್ರೆ ವರ್ಷಗಟ್ಟಲೆ. ಅವಸರ ಮಾಡಿ ಬಿಡಿಸಿದ್ರೆ ಮತ್ತೆ ಅಲ್ಲಿಗೇ ಹೋಗ್ತಾರೆ. ಮನೇಲಿ ತಾವಾಗೇ ಬಿಡೋಕೆ ನೋಡಿದ್ರಲ್ಲ, ಇನ್ಮೇಲೆ ಆ ಸಾಹಸ ಬೇಡ. ಸ್ವಲ್ಪ ದಿನ ಬಿಟ್ಟ ಮೈ ಹಳೇ ಲೆಕ್ಕದಲ್ಲಿ ಮಾತ್ರೆ ನುಂಗಿದ್ರೆ ಉಸಿರೇ ನಿಂತು ಹೋಗಬಹುದು."

ಆ ನಾಲ್ಕನೇ ಬೆಳಿಗ್ಗೆ ಅವರು ಅಕ್ಕನಿಗೆ ತೋರಿಸದೆ ನುಂಗಿದ್ದರೆ ಎಂಬ ಯೋಚನೆ ಬಂತು. ಪಕ್ಕಕ್ಕೆ ನೋಡಿದೆ. ಭಾವ ಕಣ್ಣು ಮುಚ್ಚಿದ್ದರು. ಮುಕ್ಕಾಲು ಗಂಟೆಯಲ್ಲಿ ಅವರ ಕಾಲಿನ ನಡುಕ ನಿಂತಿತು. ಗೋಡೆಯ ಫ್ಯಾನ್ ನೋಡಿ, "ಇದರ ಬೇರಿಂಗ್ ಹೋಗಿದೆ, ಕೇಳಿಸ್ತಿಲ್ವಾ?" ಎಂದರು. ನಾನು ಅವತ್ತೂ ಅವರೊಂದಿಗೆ ಮಾತಾಡಲಿಲ್ಲ. ಆದರೆ ಫ್ಯಾನಿಗೆ ಕಿವಿಗೊಟ್ಟೆ. ಬೇರಿಂಗ್ ಹೋಗಿತ್ತು.

ಎರಡು ವಾರದ ನಂತರ ಭಾವ ತಾವಾಗಿಯೇ ಆಫೀಸಿಗೆ ಹೋಗಿ ಸೂಪರ್‌ವೈಸರಿಗೆ ಎಲ್ಲ ಹೇಳಿದರು. ಮಾತ್ರೆ, ಸುಳ್ಳು, ಚಿಕಿತ್ಸೆ, ಯಾವುದನ್ನೂ ಬಿಡಲಿಲ್ಲ. ನನ್ನ ಬೀಗ ನನಗೆ ವಾಪಸ್ ಬಂತು, ಅವರ ಬೀಗ ಹೋಯಿತು. ಆರು ತಿಂಗಳು ವರ್ಕ್‌ಶಾಪಿನ ಬೆಂಚಿನಲ್ಲಿ ಬಾಗಿಲಿನ ಮೋಟರ್ ರಿಪೇರಿ ಮಾಡಬೇಕು. ಆಮೇಲೆ ಡಾಕ್ಟರಮ್ಮನ ಪತ್ರ ಬೇಕು. ಅದರ ಮೇಲೆ, ಅವರ ಜೊತೆ ಲಿಫ್ಟ್ ಓಡಾಡುವ ಶಾಫ್ಟಿಗೆ ಇಳಿಯಲು ಒಬ್ಬ ಮೆಕ್ಯಾನಿಕ್ ಒಪ್ಪಬೇಕು. ಯಾರೂ ಒಪ್ಪದಿದ್ದರೆ ಮನೆಗೆ. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಆದರೆ ಆ ಕೊನೆಯ ಮಾತು ಹೇಳುವಾಗ ಅವರ ಧ್ವನಿಯಲ್ಲಿ ಭರವಸೆ ಇರಲಿಲ್ಲ.

ಆ ಆರು ತಿಂಗಳನ್ನು ಭಾವ ಹಟ ಹಿಡಿದು ದಾಟಿದರು. ಬೆಳಿಗ್ಗೆ ಅಕ್ಕನ ಎದುರು ನಾಲಿಗೆ ಕೆಳಗೆ ಮಾತ್ರೆ. ವಾರಕ್ಕೆರಡು ದಿನ ಬೆನ್ನಿಗೆ ವ್ಯಾಯಾಮ. ಕಲಿಸುವ ಫಿಸಿಯೋಗೆ ಅವರ ಅರ್ಧ ವಯಸ್ಸು, ಆಕೆಯ ಕೈಲಿ ಬೈಸಿಕೊಂಡು ಬಂದು ನಮಗೆ ಬಯ್ಯುತ್ತಿದ್ದರು. ವಾರಕ್ಕೊಮ್ಮೆ ಕ್ಲಿನಿಕ್ಕಿನಲ್ಲಿ ಮೂತ್ರ ಪರೀಕ್ಷೆ, ಆಮೇಲೆ ಬೆಂಚಿನಲ್ಲಿ ಕೂತು ಅದೇ ದಾರಿಯಲ್ಲಿ ಬಂದ ಇತರರೊಂದಿಗೆ ಮಾತು. ಎರಡನೇ ತಿಂಗಳಲ್ಲಿ ಒಂದು ಸಲ ಜಾರಿದರು. ಟೂಲ್ ಬ್ಯಾಗಿನ ತಳದಲ್ಲಿ ಹಳೆಯ ಸ್ಟ್ರಿಪ್ ಸಿಕ್ಕಿತಂತೆ, ಎರಡು ನುಂಗಿದರಂತೆ. ನಾಲಿಗೆ ಕೆಳಗಿನ ಮಾತ್ರೆ ಮೈಯಲ್ಲಿದ್ದುದರಿಂದ ಅಮಲು ಏರಲಿಲ್ಲ. ಸಂಜೆ ಬಂದು ಅಕ್ಕನಿಗೆ ತಾವೇ ಹೇಳಿದರು, ಅದೂ ದುಡ್ಡು ಕೊಟ್ಟು ಮೋಸ ಹೋದವರ ಮುಖ ಮಾಡಿಕೊಂಡು. ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮ ಬಯ್ಯಲಿಲ್ಲ, ಔಷಧದ ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಆಮೇಲೆ ಜಾರಲಿಲ್ಲ. ನಾಲ್ಕನೇ ತಿಂಗಳಿಗೆ ಮನೆಯಲ್ಲಿ ಬೈಗುಳ ಪೂರ್ತಿ ಹಿಂದಿನ ಮಟ್ಟಕ್ಕೆ ಬಂದಿತ್ತು. "ಆ ಸಾಧು ಗಂಡ ಹೋದ, ಪೀಡೆ ಕಳೀತು" ಎಂದಳು ಅಕ್ಕ.

ನನ್ನ ಸಿಟ್ಟೂ ಯಾವಾಗಲೋ ಕರಗಿತ್ತು. ಯಾವ ದಿನ ಎಂದು ಹೇಳಲಾರೆ. ಒಂದು ಸಂಜೆ ಅವರು ವ್ಯಾಯಾಮ ಮಾಡುತ್ತ ನೆಲದ ಮೇಲೆ ಮಲಗಿದ್ದರು, ಏಳಲು ಕೈ ಚಾಚಿದರು, ನಾನು ಹಿಡಿದೆ. ಅಷ್ಟೇ. ಅವರ ಜೊತೆ ಇಳಿಯುವವನು ನಾನೇ ಎಂದು ಅವತ್ತೇ ಮನಸ್ಸಿನಲ್ಲಿ ನಿಶ್ಚಯಿಸಿದೆ. ಬೇರೆ ಯಾರು ಬರುತ್ತಾರೆ? ಉಳಿದವರು ಅವರನ್ನು ನೋಡಿದರೆ ಟೀ ಲೋಟ ಎತ್ತಿಕೊಂಡು ಆಚೆ ಹೋಗುತ್ತಿದ್ದರು.

ಆರು ತಿಂಗಳು ತುಂಬಿದ ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ನಮ್ಮೆಲ್ಲರನ್ನೂ ವರ್ಕ್‌ಶಾಪಿನಲ್ಲಿ ಸೇರಿಸಿದರು. ಏಳು ಜನ ಮೆಕ್ಯಾನಿಕ್‌ಗಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ಪಕ್ಕ ನೆಟ್ಟಗೆ ನಿಂತಿದ್ದರು. ಸೂಪರ್‌ವೈಸರ್ ಡಾಕ್ಟರಮ್ಮನ ಪತ್ರ ಓದಿದರು. ಔಷಧ ಮುಂದುವರಿದಿದೆ, ಅದರಿಂದ ಮಂಪರು ಇಲ್ಲ, ಕೆಲಸಕ್ಕೆ ಯೋಗ್ಯರು ಎಂದಿತ್ತು. ಪತ್ರ ಮಡಚಿ ಕೇಳಿದರು: "ಇವರ ಜೊತೆ ಇಳಿಯೋಕೆ ಯಾರು ತಯಾರಿದ್ದೀರಾ?"

ಒಬ್ಬ ಬೂಟಿನ ಲೇಸ್ ಕಟ್ಟಲು ಬಗ್ಗಿದ, ಅದು ಕಟ್ಟಿಯೇ ಇತ್ತು. ನಾನು ಬೇಕೆಂದೇ ಸ್ವಲ್ಪ ಹೊತ್ತು ಬಿಟ್ಟೆ. ದೊಡ್ಡ ಮನಸ್ಸು ತೋರಿಸುವವನಿಗೆ ಆ ಒಂದು ಕ್ಷಣದ ಮೌನ ಬೇಕಾಗುತ್ತದೆ, ಸುಳ್ಳೇಕೆ ಹೇಳಲಿ. ಆಮೇಲೆ ಮುಂದೆ ಬಂದು ಎದೆಯುಬ್ಬಿಸಿ ಹೇಳಿದೆ: "ನಾನು ಇಳೀತೀನಿ. ಸಾಯಬೇಕಾಗಿದ್ದವನು ನಾನು. ನನಗಿಲ್ಲದ ಭಯ ಬೇರೆಯವರಿಗೆ ಬೇಡ."

ಸೂಪರ್‌ವೈಸರ್ ಪೆನ್ನು ತೆಗೆದರು.

"ಇವನು ಬೇಡ" ಎಂದರು ಭಾವ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಭಾವ ನನ್ನ ಕಡೆ ನೋಡಲಿಲ್ಲ. ನಾಲ್ಕು ವರ್ಷ ಒಂದು ಮಾತೂ ಆಡದಿದ್ದ ಲೆವೆಲ್ ಕಡೆ ತಿರುಗಿದರು.

"ನೀವು ಬರ್ತೀರಾ?"

ಲೆವೆಲ್ ಹುಬ್ಬು ಗಂಟಿಕ್ಕಿದರು. "ನಾನ್ಯಾಕೆ? ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ ಅಂತ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಕೇಳ್ತಿರೋದು."

"ದಿನಾ ಬೆಳಿಗ್ಗೆ ನಿಮ್ಮ ಕಣ್ಣು ನೋಡ್ತೀನಿ. ಅನುಮಾನ ಬಂದ್ರೆ ಅಲ್ಲಿಂದಲೇ ಮನೆಗೆ ಕಳಿಸ್ತೀನಿ. ಮರುದಿನ ಆಫೀಸಿಗೂ ಹೇಳ್ತೀನಿ."

"ಮರುದಿನ ಯಾಕೆ, ಅವತ್ತೇ ಹೇಳಿ."

ಲೆವೆಲ್ ಸೂಪರ್‌ವೈಸರ್ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಇಬ್ಬರ ಮುಖದಲ್ಲೂ ನಗು ಇರಲಿಲ್ಲ.

ಊಟದ ಬಿಡುವಿನಲ್ಲಿ ಭಾವನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿದೆ. ಕಿವಿ ಇನ್ನೂ ಬಿಸಿಯಾಗಿತ್ತು. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಿ. ಹದಿನಾಲ್ಕು ವರ್ಷ ಜೊತೆಗಿದ್ದೋನು ನಾನು. ನಿಮ್ಮನ್ನ ಕ್ಷಮಿಸಿ ಮುಂದೆ ಬಂದೋನೂ ನಾನೇ. ನಾನ್ಯಾಕೆ ಬೇಡ ಭಾವ?"

ಅವರು ನನ್ನ ಭುಜದ ಮೇಲೆ ಕೈಯಿಟ್ಟರು, ಅವತ್ತು ಚರ್ಮ ಕಿತ್ತುಬಂದಿದ್ದ ಭುಜದ ಮೇಲೆ.

"ನಾನು ಸುಳ್ಳು ಹೇಳಿದಾಗ ಲೆವೆಲ್ ನನ್ನ ಕಣ್ಣು ನೋಡಿದ್ರು. 'ನನ್ನದೇ ತಪ್ಪು' ಅಂದೋನು ನೀನು. ನಾಳೆ ನಾನು ಮತ್ತೆ ತೂಕಡಿಸಿದ್ರೂ ನೀನು ಹಾಗೇ ಅಂತೀಯ ಕಣೋ. ನಿನ್ನಂಥ ಬಾಮೈದ ಪಕ್ಕದಲ್ಲಿದ್ರೆ ಸುಳ್ಳು ಹೇಳೋದು ನನಗೆ ತುಂಬಾ ಸುಲಭ."

ಅವರು ಹೇಳಿದ್ದರಲ್ಲಿ ತಳ್ಳಿಹಾಕುವಂಥದ್ದು ಒಂದಕ್ಷರವೂ ಇರಲಿಲ್ಲ. ಅವರ ಕಾಯಿಲೆಗೆ ಆರು ತಿಂಗಳು ಚಿಕಿತ್ಸೆಯಾಗಿತ್ತು. ನನ್ನದೂ ಒಂದು ಕಾಯಿಲೆಯೆಂದು ಆ ಗೇಟಿನ ಹತ್ತಿರವೇ ನನಗೆ ಮೊದಲು ತಿಳಿದದ್ದು.